ಅಂಗಿ ಮೈಗೆ ಒಪ್ಪಬೇಕು, ಮೈ ಅಂಗಿಗಲ್ಲ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು ಹಿರಿಯರ ಮಾತು. ಮದುವೆ ಮಂಟಪಕ್ಕೆ, ಸಂಘದ ವಾರ್ಷಿಕೋತ್ಸವದ ವೇದಿಕೆಗೆ ಈ ಮಾತು ಸರಿಯೇ. ಆದರೆ ಬೆಳಗ್ಗೆ ಐದೂವರೆಗೆ ಸೈಕಲ್ ಏರಿ ಇಪ್ಪತ್ತು ಕಿಲೋಮೀಟರ್ ಹೋಗಿಬರುವವರಿಗೆ ಇದು ಹೊಂದುವುದಿಲ್ಲ. ಅಲ್ಲಿ ಉಡುಪು ಕೂಡ ತನ್ನಿಚ್ಛೆಯದೇ ಆಗಬೇಕು. ಅದರಲ್ಲೂ ಮೈ ಸ್ವಲ್ಪ ದೊಡ್ಡದಿರುವವರಿಗೆ ಉಡುಪಿನ ಆಯ್ಕೆಯೇ ಸವಾರಿ ಮುಂದುವರಿಯುವುದೋ ನಿಲ್ಲುವುದೋ ಎಂಬುದನ್ನು ತೀರ್ಮಾನಿಸುತ್ತದೆ.

2020ರ ಕೊರೋನಾ ದಿಗ್ಬಂಧನದ ಬಳಿಕ ದೇಶದ ಮಹಾನಗರಗಳಲ್ಲಿ ಸೈಕಲ್ ಮತ್ತೆ ಬೀದಿಗಿಳಿಯಿತು. ಮುಂಬಯಿಯ ಮರೀನ್ ಡ್ರೈವ್, ನವಿಮುಂಬಯಿಯ ಪಾಮ್ ಬೀಚ್ ರಸ್ತೆ, ಚೆನ್ನೈಯ ಪೂರ್ವ ಕರಾವಳಿ ರಸ್ತೆ, ದಿಲ್ಲಿಯ ಇಂಡಿಯಾ ಗೇಟ್ ಪರಿಸರಗಳಲ್ಲಿ ಭಾನುವಾರದ ಮುಂಜಾನೆ ಸೈಕಲ್ ಸವಾರರ ಗುಂಪು ಕಾಣಸಿಗುತ್ತದೆ. ಒಂದು ಕಾಲದಲ್ಲಿ ಸೈಕಲ್‌ಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲೂ ಹವ್ಯಾಸಿಗಳು ಹೆಚ್ಚಿದ್ದಾರೆ. ಹೈದರಾಬಾದ್‌ನಲ್ಲಿ 2023ರಲ್ಲಿ ಹೊರವರ್ತುಲ ರಸ್ತೆಯ ಬದಿಗೆ ಸೌರಫಲಕಗಳ ಮಾಡು ಹೊದಿಸಿದ 23 ಕಿಲೋಮೀಟರ್ ಉದ್ದದ ಸೈಕಲ್ ಪಥವೇ ಸಿದ್ಧವಾಯಿತು. ಈ ಹುಮ್ಮಸ್ಸು ಹೊರನಾಡ ಕನ್ನಡ ಸಂಘ-ಸಂಸ್ಥೆಗಳನ್ನೂ ಮುಟ್ಟಿದೆ. ರಾಜ್ಯೋತ್ಸವಕ್ಕೊಂದು ಸೈಕಲ್ ಜಾಥಾ, ಆರೋಗ್ಯ ಜಾಗೃತಿಗೊಂದು ಸವಾರಿ ಎಂದು ಯುವ ವಿಭಾಗಗಳು ಮುಂದೆ ಬಂದರೆ ಅದು ಶ್ಲಾಘನೀಯವೇ. ಆದರೆ ಇಂಥ ಕಾರ್ಯಕ್ರಮಗಳ ಒಂದು ಸಣ್ಣ ಲೋಪ ಯಾರ ಗಮನಕ್ಕೂ ಬರುವುದಿಲ್ಲ. ಅದೇ ಟೀ ಶರ್ಟ್ ವಿತರಣೆ.

ಕ್ರೀಡಾಕೂಟ, ನಡಿಗೆ, ಜಾಥಾ ಯಾವುದೇ ಇರಲಿ, ದೃಶ್ಯ ಒಂದೇ. ಮೇಜಿನ ಮೇಲೆ ಸಂಘದ ಲಾಂಛನವಿರುವ ಅಂಗಿಗಳ ರಾಶಿ. ಮೀಡಿಯಂ, ಲಾರ್ಜ್, ಎಕ್ಸ್‌ಎಲ್ ಎಂಬ ಮೂರೇ ಅಳತೆ. ಸಾಲಿನಲ್ಲಿ ನಿಂತ ನೂರು ಕಿಲೋ ತೂಕದ ಸದಸ್ಯರೊಬ್ಬರ ಸರದಿ ಬಂದಾಗ ವಿತರಿಸುವವರ ಕೈ ಒಂದು ಕ್ಷಣ ನಿಲ್ಲುತ್ತದೆ. ಪಕ್ಕದಲ್ಲಿದ್ದವರು ಯಾರೋ, 'ಅಣ್ಣನಿಗೆ ಎರಡು ಅಂಗಿ ಕೂಡಿಸಿ ಹೊಲಿಸಬೇಕಷ್ಟೆ' ಎಂದು ನಗೆ ಹಾರಿಸುತ್ತಾರೆ. ಎಲ್ಲರೂ ನಗುತ್ತಾರೆ, ಆ ಅಣ್ಣನೂ ನಗುತ್ತಾರೆ. ಅಂಗಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು, ಗುಂಪು ಛಾಯಾಚಿತ್ರದಲ್ಲಿ ಕೊನೆಯ ಸಾಲಿಗೆ ಸರಿಯುತ್ತಾರೆ. ಮರುವರ್ಷ ಅವರಿಗೆ ಆ ಭಾನುವಾರವೇ ಬೇರೇನೋ ಕೆಲಸ ಬಂದಿರುತ್ತದೆ. ಆಡಿಕೊಳ್ಳುವವರ ಮುಂದೆ ಎಡವಿ ಬೀಳಲು ಯಾರಿಗೆ ತಾನೇ ಮನಸ್ಸಿದೆ? ಮಹಿಳಾ ವಿಭಾಗದಲ್ಲಂತೂ ಇದು ಇನ್ನೂ ಸದ್ದಿಲ್ಲದೆ ನಡೆಯುತ್ತದೆ. ಅಂಗಿ ಆಗುವುದಿಲ್ಲವೆಂದು ಹೇಳುವುದಕ್ಕಿಂತ ಬರುವುದಿಲ್ಲವೆಂದು ಹೇಳುವುದೇ ಅವರಿಗೆ ಸುಲಭವೆನಿಸುತ್ತದೆ.

ಹೀಗೆ ದೂರ ಸರಿಯುವವರು ಒಬ್ಬಿಬ್ಬರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 24ರಷ್ಟು ಮಹಿಳೆಯರು ಮತ್ತು ಸುಮಾರು ಶೇ. 23ರಷ್ಟು ಪುರುಷರು ಅಧಿಕ ತೂಕ ಅಥವಾ ಬೊಜ್ಜಿನವರು. ನಗರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಹಿಸಬೇಕೆಂದು ನಮ್ಮ ವೈದ್ಯರು ಹೇಳುತ್ತಾರೆ. ಹೊರನಾಡಿನ ಬದುಕಿನ ರೀತಿಯೂ ಇದಕ್ಕೆ ಪೂರಕ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹದಿನಾಲ್ಕು ಗಂಟೆ, ಕಚೇರಿಯ ಕುರ್ಚಿಯಲ್ಲಿ ಹತ್ತು ಗಂಟೆ, ಲೋಕಲ್ ರೈಲಿನಲ್ಲಿ ಮೂರು ಗಂಟೆ ಕಳೆಯುವವರಿಗೆ ರಾತ್ರಿ ಹನ್ನೊಂದರ ಊಟ ಮೈಗೆ ಹತ್ತದೆ ಇರುತ್ತದೆಯೇ?

ಇಂಥವರಿಗೆ ಸೈಕಲ್ ಒಳ್ಳೆಯ ವ್ಯಾಯಾಮ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಆ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ಹೀಗಾಗಿ ಮಂಡಿ ನೋವೆಂದು ನಡಿಗೆಯನ್ನೇ ಬಿಟ್ಟವರೂ ವೈದ್ಯರನ್ನು ಕೇಳಿಕೊಂಡು ಪೆಡಲ್ ತುಳಿಯಬಹುದು. ಆದರೆ ಮೈಭಾರ ಹೊರುವ ಆ ಸೀಟಿನ ಮೇಲೆಯೇ ಕಷ್ಟವೂ ಶುರುವಾಗುತ್ತದೆ. ದಪ್ಪ ಮೈಯವರು ಸೈಕಲ್ ಬಿಡುವುದು ಉಸಿರು ಸಾಲದೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಎಷ್ಟೋ ಮಂದಿ ಬಿಡುವುದು ತೊಡೆಸಂದಿನ ಚರ್ಮ ಸುಲಿದು! ಇದನ್ನು ಮನೆಯಲ್ಲೂ ಹೇಳಿಕೊಳ್ಳಲಾಗದೆ, 'ಆಸಕ್ತಿ ಹೋಯಿತು' ಎಂದು ಸೈಕಲ್ಲನ್ನು ಸೊಸೈಟಿಯ ಮೆಟ್ಟಿಲ ಕೆಳಗೆ ನಿಲ್ಲಿಸಿಬಿಡುತ್ತಾರೆ.

ಕಷ್ಟ ಎಲ್ಲಿಂದ?

ಪೆಡಲ್ ತುಳಿಯುವ ಕಾಲು ನಿಮಿಷಕ್ಕೆ ಅರುವತ್ತು-ಎಪ್ಪತ್ತು ಸುತ್ತು ತಿರುಗುತ್ತದೆ. ಒಂದು ಗಂಟೆಯ ಸವಾರಿಯಲ್ಲಿ ತೊಡೆಯ ಒಳಭಾಗ ಸೀಟಿನ ಅಂಚಿಗೋ ಇನ್ನೊಂದು ತೊಡೆಗೋ ನಾಲ್ಕು ಸಾವಿರ ಬಾರಿ ಉಜ್ಜುತ್ತದೆ. ಅದಕ್ಕೆ ಮುಂಬಯಿ, ಚೆನ್ನೈಗಳ ಸೆಖೆ ಸೇರಿದರೆ ಬೆವರಿನಿಂದ ಚರ್ಮ ಮೆತ್ತಗಾಗುತ್ತದೆ. ಜೀನ್ಸ್ ತೊಟ್ಟರೆ ನಾಲ್ಕು ಹೊಲಿಗೆಗಳು ಕೂಡುವ ದಪ್ಪ ಗಂಟು ಸರಿಯಾಗಿ ಸೀಟಿನ ಮೇಲೆಯೇ ಬರುತ್ತದೆ. ಹತ್ತಿಯ ಒಳಚಡ್ಡಿ ಬೆವರನ್ನು ಹೀರಿಕೊಂಡು ಒಣಗದೆ ಉಳಿಯುತ್ತದೆ. ಅದರ ಅಂಚಿನ ಇಲಾಸ್ಟಿಕ್ ಗರಗಸದಂತೆ ಕೊರೆಯುತ್ತದೆ. ಬಾಗಿ ಕುಳಿತಾಗ ಹೊಟ್ಟೆ ಮುಂದೆ ಬಂದು ಪ್ಯಾಂಟಿನ ಪಟ್ಟಿ ಕೆಳಗೆ ಜಾರುತ್ತದೆ. ಅಂಗಿ ಹಿಂದೆ ಮೇಲೇರಿ ಬೆನ್ನು ಬಯಲಾಗುತ್ತದೆ. ಸವಾರ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಅಂಗಿ ಎಳೆಯುತ್ತ ವಾಹನಗಳ ನಡುವೆ ಸಾಗಬೇಕಾಗುತ್ತದೆ. ಇದು ಬರೇ ಮುಜುಗರದ ಪ್ರಶ್ನೆಯಾಗಿರದೆ ಅಪಾಯದ ಪ್ರಶ್ನೆಯೂ ಹೌದು.

ಸುಲಿದ ಚರ್ಮವನ್ನು ಅಸಡ್ಡೆ ಮಾಡಿದರೆ ಹುಳುಕಡ್ಡಿ ಹಿಡಿಯುವುದುಂಟು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆ ನಿಲ್ಲಿಸಿದರೂ ಆಮೇಲೆ ರೋಗವನ್ನು ಹರಡಿಸುತ್ತದೆ. ಮಧುಮೇಹವಿದ್ದವರು ಇಂಥದ್ದನ್ನು ಚರ್ಮವೈದ್ಯರಿಗೆ ತೋರಿಸಲು ನಾಚಬಾರದು.

ಮೊದಲು ಚಡ್ಡಿ, ಆಮೇಲೆ ಅಂಗಿ

ಹಣ ಹಾಕುವುದಿದ್ದರೆ ಮೊದಲು ಒಂದು ಒಳ್ಳೆಯ ಸೈಕ್ಲಿಂಗ್ ಚಡ್ಡಿಗೆ ಹಾಕಬೇಕು. ಮೈಗೆ ಅಂಟಿ ಕೂರುವ, ಹಿಗ್ಗುವ ಬಟ್ಟೆಯ ಈ ಚಡ್ಡಿಯ ಒಳಗೆ ಮೆತ್ತನೆಯ ಪ್ಯಾಡ್ ಹೊಲಿದಿರುತ್ತದೆ. ಹಿಂದೆ ಉಣ್ಣೆಯ ಚಡ್ಡಿಗೆ ಒಂದು ಬಗೆಯ ಮೃದು ಚರ್ಮವನ್ನು ಒಳಪದರವಾಗಿ ಹೊಲಿಯುತ್ತಿದ್ದರು. ಆ ಚರ್ಮದ 'ಶ್ಯಾಮಿ' ಎಂಬ ಹೆಸರು ಇಂದಿನ ಕೃತಕ ಸ್ಪಂಜಿನ ಪ್ಯಾಡಿಗೂ ಉಳಿದುಕೊಂಡಿದೆ. ಅಂಗಡಿಯಲ್ಲಿ ಈ ಎರಡರಲ್ಲಿ ಯಾವ ಹೆಸರು ಹೇಳಿದರೂ ನಡೆಯುತ್ತದೆ. ಪ್ಯಾಡ್ ಅತಿ ದಪ್ಪವಿದ್ದರೆ ಒಳ್ಳೆಯದೆಂಬುದು ತಪ್ಪು ಗ್ರಹಿಕೆ. ದಪ್ಪ ಪ್ಯಾಡ್ ಮುದುಡಿಕೊಂಡು ತೊಡೆಯ ನಡುವೆ ಗಂಟಾಗುತ್ತದೆ. ಒತ್ತಿದರೆ ತಳ ಮುಟ್ಟದಷ್ಟು ಗಟ್ಟಿತನವಿದ್ದು, ಅಂಚು ತೆಳುವಾಗಿದ್ದರೆ ಸಾಕು. ಕುಳಿತಾಗ ಭಾರ ಬೀಳುವ ಎರಡೂ ಮೂಳೆಗಳು ಪ್ಯಾಡಿನ ಮೇಲೆಯೇ ಬರಬೇಕು. ಬಹಳ ಮಂದಿಗೆ ತಿಳಿಯದ ಇನ್ನೊಂದು ಸಂಗತಿಯೆಂದರೆ, ಈ ಚಡ್ಡಿಯೊಳಗೆ ಒಳಚಡ್ಡಿ ತೊಡಬಾರದು. ತೊಟ್ಟರೆ ಪ್ಯಾಡ್‌ಗೆ ಕೊಟ್ಟ ಹಣ ದಂಡ.

ಹೊಟ್ಟೆ ದೊಡ್ಡದಿರುವವರಿಗೆ ಸೊಂಟದ ಇಲಾಸ್ಟಿಕ್ಕೇ ಶತ್ರು. ಅದು ಕೂತಲ್ಲಿ ಕೊರೆಯುತ್ತದೆ, ಇಲ್ಲವೇ ಸುರುಳಿಯಾಗಿ ಕೆಳಗಿಳಿಯುತ್ತದೆ. ಇದಕ್ಕೆ ಪರಿಹಾರವಾಗಿ ಭುಜಪಟ್ಟಿಯಿರುವ 'ಬಿಬ್' ಚಡ್ಡಿಗಳಿವೆ. ಭುಜದಿಂದಲೇ ತೂಗುವುದರಿಂದ ಸೊಂಟಕ್ಕೆ ಬಿಗಿತವಿಲ್ಲ, ಜಾರುವ ಭಯವೂ ಇಲ್ಲ. ಸ್ಪರ್ಧಿಗಳು ಮಾತ್ರ ತೊಡುವ ಉಡುಪೆಂದು ಇದನ್ನು ದೂರ ಮಾಡುವವರಿದ್ದಾರೆ. ವಾಸ್ತವದಲ್ಲಿ ದೊಡ್ಡ ಹೊಟ್ಟೆಯವರಿಗೆ ಇದರಷ್ಟು ಹಿತವಾದುದು ಇನ್ನೊಂದಿಲ್ಲ. ಶೌಚಕ್ಕೆ ಹೋಗುವಾಗ ಮೇಲಂಗಿ ಕಳಚಬೇಕಾದ ತೊಂದರೆ ಮಾತ್ರ ಇದೆ. ಅದರಲ್ಲೂ ಮಹಿಳೆಯರಿಗೆ ಇದು ಕಷ್ಟ. ಅವರು ಅಗಲ ಪಟ್ಟಿಯ, ಹೊಕ್ಕುಳ ಮೇಲೆ ಕೂರುವ ಎತ್ತರದ ಸೊಂಟದ ಚಡ್ಡಿ ಆರಿಸಬಹುದು.

ಚಡ್ಡಿಯ ಕಾಲು ಉದ್ದವಾಗಿರಲಿ. ಗಿಡ್ಡ ಕಾಲಿನದು ತೊಡೆಯ ಮೇಲೆ ಸುರುಳಿಯಾಗಿ ಏರಿ, ಯಾವುದನ್ನು ತಪ್ಪಿಸಬೇಕಿತ್ತೋ ಅದನ್ನೇ ಉಂಟುಮಾಡುತ್ತದೆ. ಮಂಡಿಯ ತನಕ ಬರುವುದಾದರೆ ತೊಡೆ-ತೊಡೆ ಉಜ್ಜುವ ಮಾತೇ ಇಲ್ಲ. ಆದರೂ ಉಜ್ಜುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನೋ ಅದಕ್ಕಾಗಿಯೇ ಸಿಗುವ ಕ್ರೀಮನ್ನೋ ಸವರಿಕೊಂಡು ಹೊರಡುವುದು ಒಳ್ಳೆಯದು.

ಮೈಗಂಟುವ ಚಡ್ಡಿಯಲ್ಲಿ ಸೊಸೈಟಿಯ ಗೇಟು ದಾಟುವುದು ಹೇಗೆಂಬ ಸಂಕೋಚ ಸಹಜ. ಅದಕ್ಕೂ ದಾರಿಯಿದೆ. ಪ್ಯಾಡ್ ಇರುವ ಚಡ್ಡಿಯನ್ನು ಒಳಗೆ ತೊಟ್ಟು, ಮೇಲೆ ಹಗುರವಾದ, ಬೇಗ ಒಣಗುವ ಸಡಿಲ ಚಡ್ಡಿಯನ್ನೋ ಟ್ರ್ಯಾಕ್ ಪ್ಯಾಂಟನ್ನೋ ಹಾಕಿಕೊಳ್ಳಬಹುದು. ಮಹಿಳೆಯರು ಸಲ್ವಾರಿನ ಒಳಗೂ ಇದನ್ನು ತೊಡಬಹುದು. ಆದರೆ ಬಲಗಾಲಿನ ಕಡೆ ಚೈನು ಇರುವುದರಿಂದ ಪ್ಯಾಂಟಿನ ಅಂಚನ್ನು ಕ್ಲಿಪ್ಪಿನಿಂದಲೋ ರಬ್ಬರಿನಿಂದಲೋ ಬಿಗಿದುಕೊಳ್ಳಬೇಕು. ದುಪ್ಪಟ್ಟಾವನ್ನು ಮನೆಯಲ್ಲೇ ಬಿಟ್ಟರೆ ಮತ್ತೂ ಕ್ಷೇಮ; ಚಕ್ರಕ್ಕೆ ಸಿಕ್ಕಿದ ದುಪ್ಪಟ್ಟಾ ಕೊರಳಿಗೆ ಉರುಳಾಗುತ್ತದೆ. ಮಹಿಳೆಯರ ಪ್ಯಾಡ್‌ನ ಆಕಾರ ಪುರುಷರದಕ್ಕಿಂತ ಬೇರೆ; ಅಣ್ಣನದೋ ಗಂಡನದೋ ಚಡ್ಡಿ ಅವರಿಗೆ ಒಪ್ಪುವುದಿಲ್ಲ. ಎದೆಭಾರ ಹೆಚ್ಚಿರುವವರಿಗೆ ಚೆನ್ನಾಗಿ ಆಧಾರ ಕೊಡುವ ಸ್ಪೋರ್ಟ್ಸ್ ಬ್ರಾ ಕೂಡ ಚಡ್ಡಿಯಷ್ಟೇ ಅಗತ್ಯ. ಅದಿಲ್ಲದೆ ಹೊಂಡ-ಗುಂಡಿಯ ರಸ್ತೆಯಲ್ಲಿ ಭುಜ, ಬೆನ್ನು ನೋಯುತ್ತವೆ.

ಮೇಲಂಗಿಗೆ ಬಂದರೆ, ಬೆವರನ್ನು ಹೊರಗೆ ಬಿಟ್ಟು ಬೇಗ ಒಣಗುವ ಪಾಲಿಯೆಸ್ಟರ್ ಜೆರ್ಸಿ ಹತ್ತಿಯದಕ್ಕಿಂತ ಮೇಲು. ಹಿಂಭಾಗ ಉದ್ದವಾಗಿದ್ದು, ಮುಂದೆ ಪೂರ್ತಿ ಜಿಪ್ ಇದ್ದರೆ ತೊಡಲು, ಕಳಚಲು, ಸೆಖೆಗೆ ತೆರೆದುಕೊಳ್ಳಲು ಅನುಕೂಲ. ಸೈಕಲ್ ಜೆರ್ಸಿಗಳಲ್ಲಿ ಎರಡು ಬಗೆಯ ಕತ್ತರಿಯಿದೆ: ಸ್ಪರ್ಧಿಗಳಿಗೆಂದು ಬಿಗಿಯಾಗಿ ಕತ್ತರಿಸಿದ್ದು, ಹವ್ಯಾಸಿಗಳಿಗೆಂದು ಸಡಿಲವಾಗಿ ಬಿಟ್ಟಿದ್ದು. ನಮ್ಮ ವಿಜಯಪುರ, ಬಾಗಲಕೋಟೆಗಳು ದೇಶಕ್ಕೆ ಒಳ್ಳೊಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟಿವೆ. ಆ ಹುಡುಗರ ಒಣಗಿದ ಕಬ್ಬಿನಂಥ ಮೈಗೆ ಕತ್ತರಿಸಿದ ಜೆರ್ಸಿ ಐವತ್ತರ ಗೃಹಸ್ಥರಿಗೆ ಆಗಲಿಲ್ಲವೆಂದರೆ ಅದರಲ್ಲಿ ಅವಮಾನವೇನಿದೆ?

ಬಣ್ಣದ ವಿಚಾರವೂ ಮುಖ್ಯ. 'ದಪ್ಪಗಿದ್ದವರು ಕಪ್ಪು ತೊಟ್ಟರೆ ಸಣ್ಣ ಕಾಣುತ್ತಾರೆ' ಎಂಬ ಬುದ್ಧಿವಾದ ಎಲ್ಲರ ಬಾಯಲ್ಲಿದೆ. ನಸುಕಿನ ರಸ್ತೆಯಲ್ಲಿ ಸಣ್ಣ ಕಾಣುವುದೇ ಅಪಾಯ. ಹಿಂದಿನಿಂದ ಬರುವ ಟ್ಯಾಂಕರ್ ಚಾಲಕನಿಗೆ ಸವಾರ ದೊಡ್ಡದಾಗಿ, ಢಾಳಾಗಿ ಕಾಣಬೇಕು. ಚಡ್ಡಿ ಕಪ್ಪಗಿರಲಿ, ಚೈನಿನ ಎಣ್ಣೆಯ ಕಲೆ ಕಾಣಿಸದು. ಅಂಗಿ ಮಾತ್ರ ಹಳದಿಯೋ ಕಿತ್ತಳೆಯೋ ಆಗಿ, ಬೆಳಕಿಗೆ ಹೊಳೆಯುವ ಪಟ್ಟಿ ಹೊಂದಿರಲಿ.

ಅಳತೆ ಟೇಪಿನದು, ಚೀಟಿಯದಲ್ಲ

ಎಕ್ಸ್‌ಎಲ್ ಎಂಬ ಚೀಟಿಗೆ ಒಂದೇ ಅರ್ಥವಿಲ್ಲ. ಒಂದು ಕಂಪನಿಯ ಎಕ್ಸ್‌ಎಲ್ ಇನ್ನೊಂದರ ಲಾರ್ಜ್‌ಗೆ ಸಮ. ವಿದೇಶಿ ಮಾದರಿಯ ಸ್ಪರ್ಧಾ ಉಡುಪಿನಲ್ಲಿ ಎರಡು ಅಳತೆ ಮೇಲಿನದೇ ಬೇಕಾಗಬಹುದು. ಆದುದರಿಂದ ಟೇಪ್ ಹಿಡಿದು ಎದೆ, ಹೊಟ್ಟೆ, ಹಿಪ್, ತೊಡೆ ಈ ನಾಲ್ಕನ್ನೂ ಅಳೆಯಬೇಕು. ಉಸಿರು ಬಿಗಿಹಿಡಿಯದೆ, ಹೊಟ್ಟೆಯ ಅಳತೆಯನ್ನು ಕುಳಿತುಕೊಂಡೇ ತೆಗೆಯಬೇಕು. ಕುಳಿತಾಗ ಅದು ಹೆಚ್ಚುತ್ತದೆ. ನಾಲ್ಕರಲ್ಲಿ ದೊಡ್ಡದಕ್ಕೆ ಸರಿಹೊಂದುವುದನ್ನು ಕೊಳ್ಳಬೇಕು. ಅಂಗಡಿಯಲ್ಲಿ ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು; ಹ್ಯಾಂಡಲ್ ಹಿಡಿದಂತೆ ಬಾಗಿ, ಕಾಲೆತ್ತಿ ನೋಡಬೇಕು. ನಿಂತಾಗ ಸ್ವಲ್ಪ ಬಿಗಿಯೆನಿಸಿದ್ದು ಬಾಗಿದಾಗ ಸರಿಹೋಗುವುದುಂಟು. ಹಾಗೆಂದು ತೀರಾ ಸಡಿಲವಾದ ಪ್ಯಾಡ್ ಚಡ್ಡಿಯೂ ಬೇಡ. ಅದು ಒಳಗೆ ಸರಿದಾಡಿ ಚರ್ಮ ಸುಲಿಯುತ್ತದೆ.

ಸಿದ್ಧ ಉಡುಪಿನಲ್ಲಿ ಅಳತೆ ಸಿಗದಿದ್ದರೆ ಗಲ್ಲಿಯ ದರ್ಜಿಯನ್ನು ಮರೆಯಬಾರದು. ಬೇಗ ಒಣಗುವ ಬಟ್ಟೆ ಕೊಂಡು ಹಿಂಭಾಗ ಉದ್ದವಿಟ್ಟು ಹೊಲಿಸಿದ ಅಂಗಿ ಎಷ್ಟೋ ದುಬಾರಿ ಜೆರ್ಸಿಗಿಂತ ಹಿತವಾಗಿರುತ್ತದೆ. ಹಿಗ್ಗುವ ಬಟ್ಟೆಯ ಚಪ್ಪಟೆ ಹೊಲಿಗೆಗೆ ಬೇರೆಯೇ ಯಂತ್ರ ಬೇಕಾದ್ದರಿಂದ ಚಡ್ಡಿಯನ್ನು ಮಾತ್ರ ಸಿದ್ಧವಾದದ್ದೇ ಕೊಳ್ಳಬೇಕು. ಒಗೆಯುವಾಗ ಒಳಮೈ ಹೊರಗೆ ಮಾಡಿ, ಸೌಮ್ಯ ಸಾಬೂನಿನಲ್ಲಿ ಒಗೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಪ್ಯಾಡ್ ಒಣಗಲು ಎರಡು ದಿನ ಹಿಡಿಯುವುದರಿಂದ ಎರಡು ಚಡ್ಡಿ ಇದ್ದರೆ ಕ್ಷೇಮ. ಹಸಿ ಪ್ಯಾಡ್ ತೊಟ್ಟು ಹೊರಡುವುದೆಂದರೆ ಹುಳುಕಡ್ಡಿಗೆ ಆಮಂತ್ರಣ ಪತ್ರಿಕೆ ಕೊಟ್ಟಂತೆ.

ಎಂಥ ಉಡುಪು ತೊಟ್ಟರೂ ಸೀಟು ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ ಎಂಬುದನ್ನೂ ಸೇರಿಸಬೇಕು. ಸೋಫಾದಂತೆ ಮೆತ್ತಗಿರುವ ಅಗಲ ಸೀಟು ಅಂಗಡಿಯಲ್ಲಿ ಹಿತವೆನಿಸಿದರೂ ದೂರದ ಸವಾರಿಯಲ್ಲಿ ತೊಡೆ ಉಜ್ಜುತ್ತದೆ. ಅನೇಕ ಕಂಪನಿಗಳು ತಮ್ಮ ಸೈಕಲ್ಲುಗಳಿಗೆ 100ರಿಂದ 120 ಕಿಲೋ ತೂಕದ ಮಿತಿ ನಮೂದಿಸಿರುತ್ತವೆ. ಅದನ್ನು ನೋಡಿಕೊಂಡೇ ಕೊಳ್ಳುವುದು ಜಾಣತನ.

ಆಕ್ಷೇಪಗಳಿಗೆ ಉತ್ತರ

'ಡಬ್ಬಾವಾಲಾಗಳು ಸಾದಾ ಪೈಜಾಮದಲ್ಲಿ ಇಡೀ ಮುಂಬಯಿಗೆ ಊಟ ಮುಟ್ಟಿಸಿದರು. ಇದೆಲ್ಲ ಹಣವಂತರ ಷೋಕಿ' ಎನ್ನುವವರಿದ್ದಾರೆ. ಮಾತಿನಲ್ಲಿ ಸತ್ಯಾಂಶವಿದೆ. ರೈಲು ನಿಲ್ದಾಣದಿಂದ ಕಚೇರಿಗೆ, ಮನೆಯಿಂದ ಮಾರುಕಟ್ಟೆಗೆ ಎಂದು ನಾಲ್ಕೈದು ಕಿಲೋಮೀಟರ್ ಹೋಗಲು ಯಾವ ವಿಶೇಷ ಉಡುಪೂ ಬೇಡ. ಆದರೆ ಅಭ್ಯಾಸವಿಲ್ಲದ ದೊಡ್ಡ ಮೈಯವರು ಒಮ್ಮೆಲೇ ಒಂದು ಗಂಟೆ ಸೀಟಿನ ಮೇಲೆ ಕೂರುವ ವಿಷಯ ಬೇರೆ. ಸಾವಿರ ರೂಪಾಯಿಯ ಆಸುಪಾಸಿನಿಂದ ಸಿಗುವ ಒಂದು ಚಡ್ಡಿ ಹತ್ತು-ಹದಿನೈದು ಸಾವಿರದ ಸೈಕಲ್ ಮೂಲೆ ಸೇರುವುದನ್ನು ತಪ್ಪಿಸುವುದಾದರೆ ಅದನ್ನು ಷೋಕಿ ಎನ್ನಲಾಗದು.

'ಮೊದಲು ತೂಕ ಇಳಿಯಲಿ, ಆಮೇಲೆ ಹೊಸ ಬಟ್ಟೆ ಕೊಳ್ಳೋಣ' ಎಂಬುದು ಇನ್ನೊಂದು ವಾದ. ಇದನ್ನು ಹೆಚ್ಚಾಗಿ ಹೇಳುವವರು ದಪ್ಪ ಮೈಯವರೇ. ಈಜು ಕಲಿತ ಮೇಲೆಯೇ ನೀರಿಗಿಳಿಯುತ್ತೇನೆ ಎಂದಂತಾಯಿತು ಇದು. ತೂಕ ಇಳಿಯುವುದೋ ಬಿಡುವುದೋ, ಸವಾರಿಯಿಂದ ಎದೆಗೂ ರಕ್ತದ ಸಕ್ಕರೆಗೂ ನಿದ್ದೆಗೂ ಲಾಭವಿದ್ದೇ ಇದೆ. ಇಂದಿನ ಸವಾರಿ ಮಾಡಬೇಕಾದುದು ಇಂದಿನ ಮೈಯಿಂದಲೇ. ಉಡುಪು ಈ ಮೈಗೆ ಬೇಕು.

ಸಂಘಗಳು ಮಾಡಬೇಕಾದುದು

ಈ ನಿಟ್ಟಿನಲ್ಲಿ ಸಂಘದ ಪದಾಧಿಕಾರಿಗಳು ಮಾಡಬೇಕಾದುದು ಹೆಚ್ಚೇನಿಲ್ಲ. ಹೆಸರು ನೋಂದಣಿಯ ಅರ್ಜಿಯಲ್ಲಿ ಎಸ್, ಎಂ, ಎಲ್ ಎಂದು ಕೇಳುವ ಬದಲು ಎದೆ ಮತ್ತು ಹೊಟ್ಟೆಯ ಸುತ್ತಳತೆಯನ್ನು ಇಂಚಿನಲ್ಲಿ ಕೇಳಬೇಕು. ತಿರುಪ್ಪೂರಿನಂಥ ಹೆಣಿಗೆ ಉಡುಪಿನ ಕೇಂದ್ರದಿಂದ ತರಿಸಲಿ, ಊರಿನ ಹೊಲಿಗೆಯವರಿಂದ ಮಾಡಿಸಲಿ, ಮುಂಚಿತವಾಗಿ ಹೇಳಿದರೆ 3 ಎಕ್ಸ್‌ಎಲ್, 4 ಎಕ್ಸ್‌ಎಲ್, 5 ಎಕ್ಸ್‌ಎಲ್ ಅಂಗಿಗಳೂ ಸಿಗುತ್ತವೆ. ಕೊನೆಯ ವಾರದ ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ತರುವುದರಿಂದಲೇ ತೊಂದರೆ. ಬಟ್ಟೆ ಹೆಚ್ಚು ಬೇಕಾಗುತ್ತದೆಂದು ದೊಡ್ಡ ಅಳತೆಗೆ ಹೆಚ್ಚು ದರ ವಸೂಲು ಮಾಡಬಾರದು. ಆ ವ್ಯತ್ಯಾಸವನ್ನು ಪ್ರಾಯೋಜಕರ ಹಣದಿಂದ ತುಂಬಬಹುದು. ಮಹಿಳೆಯರ ಕತ್ತರಿಯ ಅಂಗಿಗಳೂ ದೊಡ್ಡ ಅಳತೆಯಲ್ಲಿರಬೇಕು. ಅಂಗಿಯನ್ನು ಹೆಸರು ಬರೆದ ಲಕೋಟೆಯಲ್ಲಿ ಹಿಂದಿನ ದಿನವೇ ತಲುಪಿಸಿದರೆ ಮೇಜಿನ ಮುಂದಿನ ಆ ಒಂದು ಕ್ಷಣವೇ ಇರುವುದಿಲ್ಲ.

ಇನ್ನೊಂದು, ವೇದಿಕೆಯ ಮೇಲಿನ ತಮಾಷೆ. ನಿರೂಪಕರು ಸಭೆಯನ್ನು ನಗಿಸಲು ಯಾರದಾದರೂ ಹೊಟ್ಟೆಯನ್ನು ಹಿಡಿದುಕೊಳ್ಳುವುದು ನಮ್ಮಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. ಪ್ರೀತಿಯಿಂದಲೇ ಆಡಿದರೂ ಅದು ಒಬ್ಬ ಸವಾರನನ್ನು ಮನೆಗೆ ಕಳುಹಿಸಿದರೆ ಆ ನಗು ದುಬಾರಿಯಾಯಿತು. ಹತ್ತಾರು ವರ್ಷ ಹಗಲಿರುಳು ದುಡಿದು, ಸಂಘಕ್ಕೆ ನಿವೇಶನ, ಶಾಲೆಗೆ ಕಟ್ಟಡ, ಬಡ ವಿದ್ಯಾರ್ಥಿಗಳಿಗೆ ಶುಲ್ಕ ಕೊಟ್ಟ ಎಷ್ಟೋ ಹಿರಿಯರು ತಮ್ಮ ಮೈಯ ಕಡೆ ನೋಡಿಕೊಳ್ಳಲು ಪುರಸೊತ್ತು ಪಡೆದಿರುವುದು ಈಗಷ್ಟೇ. ಅಂಥವರು ಐವತ್ತೈದನೆಯ ವಯಸ್ಸಿನಲ್ಲಿ ಧೈರ್ಯ ಮಾಡಿ ಸೈಕಲ್ ತಂದಾಗ, ಅವರಿಗೆ ಆಗುವ ಒಂದು ಅಂಗಿಯನ್ನು ಸಿದ್ಧವಾಗಿಡುವುದು ಸಂಘದ ಕರ್ತವ್ಯವೆಂದರೆ ತಪ್ಪಾಗಲಾರದು.

ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದಂತೆ ಜೂನ್ 3 ವಿಶ್ವ ಸೈಕಲ್ ದಿನ. ನವೆಂಬರಿನ ರಾಜ್ಯೋತ್ಸವವಂತೂ ನಮ್ಮದೇ. ಮುಂದಿನ ಜಾಥಾಕ್ಕೆ ಅಂಗಿಗಳ ಪಟ್ಟಿ ಸಿದ್ಧಪಡಿಸುವ ಕಾರ್ಯದರ್ಶಿಗಳು ಎಕ್ಸ್‌ಎಲ್‌ನ ಕೆಳಗೆ ಇನ್ನೂ ಮೂರು ಗೆರೆ ಎಳೆಯಲಿ. ಕಳೆದ ಬಾರಿ ಕೊನೆಯ ಸಾಲಿನಲ್ಲಿ ನಿಂತ ಅಣ್ಣನಿಗೆ ದೂರವಾಣಿ ಮಾಡಿ, 'ಈ ಸಲ ನಿಮ್ಮ ಅಳತೆಯದ್ದು ಇದೆ, ಬನ್ನಿ' ಎಂದು ಕರೆಯಲಿ. ಆ ದಿನ ಅವರು ಬರುತ್ತಾರೆ.